ಅಜ್ಜಿಗೂ ಒಗ್ಗುವ ಸ್ವಿಚ್ಚು: ಸ್ಮಾರ್ಟ್ ಪ್ಲಗ್ ಕೊಳ್ಳುವವರಿಗೆ ಒಂದು ಪಾಠ

ಕಳೆದ ಬೇಸಿಗೆಯಲ್ಲಿ ಅಮ್ಮ ಮೈಸೂರಿನಿಂದ ರಾಲಿಯ ನಮ್ಮ ಮನೆಗೆ ಬಂದಿದ್ದರು. ಅವರು ಬರುವ ಎರಡು ತಿಂಗಳ ಮೊದಲಷ್ಟೇ ಮಕ್ಕಳ ಒತ್ತಾಯಕ್ಕೆ ಮಣಿದು ಮನೆಯ ಬಲ್ಬುಗಳನ್ನೆಲ್ಲ ‘ಸ್ಮಾರ್ಟ್’ ಬಲ್ಬುಗಳಾಗಿ ಬದಲಾಯಿಸಿದ್ದೆವು. ಫೋನಿನ ಮೇಲೆ ಬೆರಳಿಟ್ಟರೆ ಸಾಕು, ನಡುಮನೆಯ ದೀಪ ಹತ್ತುತ್ತಿತ್ತು. ಮಲಗುವ ಹೊತ್ತಿಗೆ ತಾನಾಗಿಯೇ ಆರುತ್ತಿತ್ತು. ಆದರೆ ಒಂದು ತೊಂದರೆ ಎದುರಾಯಿತು. ಕೋಣೆಯಿಂದ ಹೊರಗೆ ಬರುವಾಗ ಗೋಡೆಯ ಸ್ವಿಚ್ ಆಫ್ ಮಾಡುವುದು ಅಮ್ಮನಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಸ್ವಿಚ್ ಆಫ್ ಆದರೆ ಬಲ್ಬಿಗೆ ಕರೆಂಟೇ ಇಲ್ಲ. ಕರೆಂಟ್ ಇಲ್ಲದ ಬಲ್ಬು ಫೋನಿನ ಮಾತನ್ನು ಕೇಳುವುದಾದರೂ ಹೇಗೆ? ಹೀಗಾಗಿ ಮಕ್ಕಳು ಎಲ್ಲ ಸ್ವಿಚ್‌ಗಳ ಮೇಲೂ ಟೇಪು ಅಂಟಿಸಿ, ‘ಅಜ್ಜಿ, ಮುಟ್ಟಬೇಡಿ’ ಎಂದು ಬರೆದರು. ಕನ್ನಡ ತರಗತಿಯಲ್ಲಿ ಕಲಿತ ಅಕ್ಷರ ಉಪಯೋಗಕ್ಕೆ ಬಂತಲ್ಲ ಎಂದು ನಾವೂ ಹಿಗ್ಗಿದೆವು.

ಜುಲೈ ತಿಂಗಳ ಒಂದು ರಾತ್ರಿ ಗುಡುಗು ಮಳೆ ಬಂದು ಇಂಟರ್ನೆಟ್ ಕಡಿದುಹೋಯಿತು. ಕರೆಂಟ್ ಮಾತ್ರ ಇತ್ತು. ಎರಡು ಗಂಟೆಯ ಹೊತ್ತಿಗೆ ಅಮ್ಮ ಎದ್ದರು. ಮೊಮ್ಮಗಳು ಹೇಳಿಕೊಟ್ಟಂತೆ ದೀಪ ಹಚ್ಚಲು ಸ್ಪೀಕರಿಗೆ ಹೇಳಿದರು. ಅದು ಇಂಗ್ಲಿಷಿನಲ್ಲಿ ಏನೋ ಉತ್ತರ ಕೊಟ್ಟು ಸುಮ್ಮನಾಯಿತು. ಕತ್ತಲಲ್ಲಿ ಗೋಡೆ ಸವರುತ್ತ ಹೋದ ಕೈಗೆ ಟೇಪು ಸಿಕ್ಕಿತು. ಅದನ್ನು ಕಿತ್ತು ಸ್ವಿಚ್ ಒತ್ತಿದ್ದರೆ ದೀಪ ಹತ್ತುತ್ತಿತ್ತೋ ಏನೋ. ಮಕ್ಕಳು ಮುಟ್ಟಬೇಡಿ ಎಂದು ಬರೆದದ್ದನ್ನು ಅವರು ಮೀರಲಿಲ್ಲ. ಕತ್ತಲಲ್ಲೇ ನಡೆದು ಮೇಜಿಗೆ ಎಡವಿದರು. ದೇವರ ದಯೆ, ಮೊಣಕಾಲು ತರಚಿದ್ದು ಬಿಟ್ಟರೆ ಹೆಚ್ಚಿನದೇನೂ ಆಗಲಿಲ್ಲ. ಬೆಳಗ್ಗೆ ಕಾಫಿ ಕುಡಿಯುತ್ತ ಮೊಮ್ಮಗಳನ್ನು ಕೇಳಿದರು: “ಅಲ್ವೇ ಪುಟ್ಟಿ, ಒಂದು ದೀಪ ಹಚ್ಚೋದಕ್ಕೆ ಅಮೆರಿಕಾನೆಲ್ಲ ಕೇಳಬೇಕೇನೇ?”

ಎಲ್ಲರೂ ನಕ್ಕೆವು. ಆದರೆ ಎಪ್ಪತ್ತು ದಾಟಿದವರು ಕತ್ತಲಲ್ಲಿ ಎಡವುವುದು ನಗುವ ವಿಷಯವಲ್ಲ. ಈ ಪಾಠ ಅವರ ಆ ಪ್ರಶ್ನೆಯಿಂದ ಹುಟ್ಟಿತು. ದೊಡ್ಡವರಿಗೆ ಅಂಗಡಿಯಲ್ಲಿ ನೆರವಾಗಲಿ, ಮಕ್ಕಳಿಗೆ ಸ್ವಲ್ಪ ವಿಜ್ಞಾನವೂ ಸ್ವಲ್ಪ ಲೆಕ್ಕವೂ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇವೆ. ನಾವು ಕಲಿತದ್ದರ ಸಾರ ಇಷ್ಟೆ: ಎಲ್ಲವೂ ಸರಿಯಿದ್ದಾಗ ಪ್ಲಗ್ಗು ಏನೇನು ಮಾಡುತ್ತದೆ ಎಂದಷ್ಟೇ ನೋಡಿದರೆ ಸಾಲದು, ಏನಾದರೂ ಕೈಕೊಟ್ಟಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ತಿಳಿದು ಕೊಳ್ಳಬೇಕು.

ಪ್ಲಗ್ಗಿನ ಒಳಗೆ ಏನಿದೆ?

ಸ್ಮಾರ್ಟ್ ಪ್ಲಗ್ ಎಂದರೆ ಗೋಡೆಯ ಸಾಕೆಟ್ಟಿಗೂ ನಮ್ಮ ಉಪಕರಣಕ್ಕೂ ನಡುವೆ ಕೂರುವ ಒಂದು ಪುಟ್ಟ ಪೆಟ್ಟಿಗೆ. ಅದರೊಳಗೆ ಮುಖ್ಯವಾಗಿ ಮೂರು ಭಾಗಗಳಿರುತ್ತವೆ. ಮೊದಲನೆಯದು ರಿಲೇ. ಇದರಲ್ಲಿ ತಂತಿಯ ಸುರುಳಿಯೊಂದಿದೆ. ಅದರಲ್ಲಿ ಸ್ವಲ್ಪ ವಿದ್ಯುತ್ ಹರಿದರೆ ಅದು ಅಯಸ್ಕಾಂತವಾಗಿ ಒಂದು ಲೋಹದ ಪಟ್ಟಿಯನ್ನು ಎಳೆದುಕೊಳ್ಳುತ್ತದೆ. ಆಗ ದೊಡ್ಡ ವಿದ್ಯುತ್ತಿನ ದಾರಿ ಕೂಡಿಕೊಳ್ಳುತ್ತದೆ. ಪ್ಲಗ್ಗು ಆನ್ ಆಗುವಾಗ ‘ಟಕ್’ ಎಂದು ಕೇಳುವುದು ಈ ಪಟ್ಟಿಯ ಸದ್ದು. ಎರಡನೆಯದು ಆಜ್ಞೆಯನ್ನು ಕೇಳಿಸಿಕೊಳ್ಳುವ ರೇಡಿಯೋ. ಮೂರನೆಯದು ಆ ಆಜ್ಞೆಯನ್ನು ಅರ್ಥಮಾಡಿಕೊಂಡು ರಿಲೇಗೆ ಹೇಳುವ ಪುಟ್ಟ ಕಂಪ್ಯೂಟರ್ ಚಿಪ್ಪು.

ಆಜ್ಞೆ ಬರುವ ದಾರಿ ಯಾವುದು ಎಂಬುದು ಇಲ್ಲಿ ಮುಖ್ಯ. ನಾವು ಸೋಫಾದ ಮೇಲೆ ಕುಳಿತು ಫೋನಿನಲ್ಲಿ ‘ಆನ್’ ಒತ್ತುತ್ತೇವೆ. ಪ್ಲಗ್ಗು ಹತ್ತು ಅಡಿ ದೂರದಲ್ಲಿದೆ. ಆದರೆ ಅನೇಕ ಉಪಕರಣಗಳಲ್ಲಿ ನಮ್ಮ ಆಜ್ಞೆ ಮೊದಲು ಮನೆಯ ರೌಟರಿಗೆ, ಅಲ್ಲಿಂದ ಎಲ್ಲೋ ಇರುವ ಕಂಪನಿಯ ಕಂಪ್ಯೂಟರಿಗೆ, ಅಲ್ಲಿಂದ ಮರಳಿ ನಮ್ಮ ರೌಟರಿಗೆ ಬಂದು ಕೊನೆಗೆ ಪ್ಲಗ್ಗಿಗೆ ಮುಟ್ಟುತ್ತದೆ. ಅಡಿಗೆಮನೆಯಿಂದ ನಡುಮನೆಗೆ ಹೋಗಲು ಊರೆಲ್ಲ ಸುತ್ತಿ ಬಂದಂತೆ. ಎಲ್ಲ ಸರಿಯಿದ್ದರೆ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಬಿಡುತ್ತದೆ. ದಾರಿಯಲ್ಲಿ ಒಂದು ಕೊಂಡಿ ಕಳಚಿದರೂ ದೀಪ ಹತ್ತುವುದಿಲ್ಲ.

ಈ ಕೊಂಡಿಗಳಲ್ಲಿ ದೊಡ್ಡದೊಂದು ನಮಗೆ ಹತ್ತಿರದಲ್ಲೇ ಇದೆ. ವಾಷಿಂಗ್ಟನ್ ಡಿ.ಸಿ.ಯ ಪಕ್ಕದ ಉತ್ತರ ವರ್ಜೀನಿಯಾದಲ್ಲಿ ಅಮೆಜಾನ್ ಕಂಪನಿಯ ಭಾರಿ ಕಂಪ್ಯೂಟರ್ ಕೇಂದ್ರಗಳಿವೆ. 2021ರ ಡಿಸೆಂಬರ್ 7ರಂದು ಅಲ್ಲಿನ ಜಾಲದಲ್ಲಿ ತೊಂದರೆಯಾದಾಗ ಬೇರೆ ಬೇರೆ ಊರುಗಳ ಮನೆಗಳಲ್ಲಿ ಅಲೆಕ್ಸಾ ಸ್ಪೀಕರುಗಳು, ರಿಂಗ್ ಬಾಗಿಲ ಗಂಟೆಗಳು, ನೆಲ ಗುಡಿಸುವ ಯಂತ್ರಗಳು ಕೂಡ ಮಾತು ಕೇಳದಾದವು. 2025ರ ಅಕ್ಟೋಬರ್ 20ರಂದು ಮತ್ತೆ ಅಂಥದೇ ತೊಂದರೆಯಾಯಿತು. ಅಮ್ಮ ತಮಾಷೆಗೆ ಕೇಳಿದ ಪ್ರಶ್ನೆಯಲ್ಲಿ ಸತ್ಯವೇ ಇತ್ತು.

ಹಳೆಯ ಉದಾಹರಣೆಗಳು ಎರಡು

ಮನೆಯ ದೀಪಗಳನ್ನು ದೂರದಿಂದ ಆಳುವ ಆಸೆ ಹೊಸದಲ್ಲ. 1975ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ರೋಥೆಸ್ ಎಂಬ ಊರಿನ ಪಿಕೋ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆ ‘ಎಕ್ಸ್ 10’ ಎಂಬ ವಿಧಾನವನ್ನು ರೂಪಿಸಿತು. ಇದಕ್ಕೆ ಇಂಟರ್ನೆಟ್ ಬೇಕಿರಲಿಲ್ಲ. ಮನೆಯ ವಿದ್ಯುತ್ ತಂತಿಗಳ ಮೇಲೆಯೇ ಸಂಕೇತಗಳು ಓಡಾಡುತ್ತಿದ್ದವು. ಹದಿನಾರು ಅಕ್ಷರಗಳು, ಪ್ರತಿ ಅಕ್ಷರಕ್ಕೂ ಹದಿನಾರು ಸಂಖ್ಯೆಗಳು. ಒಟ್ಟು 256 ವಿಳಾಸಗಳು. ಅಮೆರಿಕದ ಅನೇಕ ಮನೆಗಳಲ್ಲಿ ಇದು ವರ್ಷಗಟ್ಟಲೆ ನಡೆಯಿತು. ಆದರೆ ಅದರಲ್ಲಿ ಒಂದು ಕೊರತೆ ಇತ್ತು. ಆಜ್ಞೆ ಹೋಗುತ್ತಿತ್ತೇ ಹೊರತು, ‘ಆಯಿತು, ದೀಪ ಹಚ್ಚಿದೆ’ ಎಂಬ ಉತ್ತರ ಮೊದಲಿನ ಉಪಕರಣಗಳಿಂದ ಮರಳಿ ಬರುತ್ತಿರಲಿಲ್ಲ. ತಂತಿಯಲ್ಲಿ ಬೇರೆ ಉಪಕರಣದ ಗದ್ದಲವಿದ್ದರೆ ಆಜ್ಞೆ ನಡುದಾರಿಯಲ್ಲೇ ಕಳೆದುಹೋಗುತ್ತಿತ್ತು, ಕಳಿಸಿದವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಎರಡನೆಯ ಉದಾಹರಣೆ ನಮ್ಮ ಊರುಗಳ ಕಡೆಯದು. ಕರ್ನಾಟಕದ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟ್ ದಿನದ ಕೆಲವೇ ಗಂಟೆ, ಎಷ್ಟೋ ಸಲ ನಡುರಾತ್ರಿಯಲ್ಲಿ ಬರುತ್ತದೆ. ರೈತರು ಬ್ಯಾಟರಿ ಹಿಡಿದು, ಹಾವು ಹುಳುಗಳ ಭಯದಲ್ಲಿ, ತೋಟದ ದಾರಿ ತುಳಿದು ಮೋಟಾರ್ ಹಾಕಲು ಹೋಗಬೇಕು. ಇದಕ್ಕೆ ಉಪಾಯವಾಗಿ ಬಂದದ್ದು ಮೊಬೈಲಿನಿಂದ ನಡೆಯುವ ಸ್ಟಾರ್ಟರ್. ಪುಣೆಯ ಸಂಸ್ಥೆಯೊಂದು ರೂಪಿಸಿದ ‘ನ್ಯಾನೋ ಗಣೇಶ್’ ಇಂಥವುಗಳಲ್ಲಿ ಹೆಸರಾದದ್ದು. ಮನೆಯಲ್ಲಿ ಕುಳಿತೇ ಫೋನ್ ಮಾಡಿ ತೋಟದಲ್ಲಿ ಕರೆಂಟ್ ಇದೆಯೇ ಎಂದು ತಿಳಿದು, ಪಂಪನ್ನು ಆನ್ ಮಾಡಬಹುದು, ಆಫ್ ಮಾಡಬಹುದು. ಇದಕ್ಕೆ ದುಬಾರಿ ಸ್ಮಾರ್ಟ್‌ಫೋನೂ ಬೇಡ, ಸಾಮಾನ್ಯ ಮೊಬೈಲ್ ಸಾಕು. ಗಮನಿಸಿ: ರೈತನಿಗೆ ಬೇಕಾದದ್ದು ಬಣ್ಣಬಣ್ಣದ ಆಪ್ ಅಲ್ಲ, ಆಜ್ಞೆ ತಲುಪಿತೇ ಇಲ್ಲವೇ ಎಂಬ ಖಚಿತವಾದ ಉತ್ತರ. ತೋಟದ ಪೆಟ್ಟಿಗೆಯ ಬಳಿ ಕೈಯಿಂದ ಒತ್ತುವ ಗುಂಡಿಯೂ ಇದ್ದೇ ಇರುತ್ತದೆ. ನಾವು ಮನೆಗೆ ಪ್ಲಗ್ ತರುವಾಗಲೂ ಈ ಎರಡು ಗುಣಗಳನ್ನೇ ಹುಡುಕಬೇಕು.

ನಮ್ಮ ರಾಜ್ಯದಲ್ಲೇ ನಡೆದ ಕಥೆ

ಈಗ ನಾರ್ತ್ ಕೆರೊಲಿನಾಕ್ಕೆ ಮರಳೋಣ. ಮನೆ ಕಟ್ಟುವ, ರಿಪೇರಿ ಮಾಡುವ ಸಾಮಾನುಗಳ ದೊಡ್ಡ ಅಂಗಡಿ ‘ಲೋಸ್’ ನಮ್ಮೆಲ್ಲರಿಗೂ ಪರಿಚಿತ. ಅದು 1921ರಲ್ಲಿ ನಮ್ಮ ರಾಜ್ಯದ ನಾರ್ತ್ ವಿಲ್ಕ್ಸ್‌ಬರೋ ಊರಿನಲ್ಲಿ ಆರಂಭವಾದದ್ದು. ಅದರ ಮುಖ್ಯ ಕಚೇರಿ ಶಾರ್ಲೆಟ್ ಬಳಿಯ ಮೂರ್ಸ್‌ವಿಲ್‌ನಲ್ಲಿದೆ. 2012ರಲ್ಲಿ ಈ ಕಂಪನಿ ‘ಐರಿಸ್’ ಎಂಬ ಮನೆ ನಿಯಂತ್ರಣ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಪ್ಲಗ್ಗುಗಳು, ಬಾಗಿಲು ತೆರೆದರೆ ತಿಳಿಸುವ ಉಪಕರಣಗಳು, ಇವೆಲ್ಲವನ್ನೂ ಜೋಡಿಸುವ ‘ಹಬ್’ ಎಂಬ ಪೆಟ್ಟಿಗೆ ಎಲ್ಲವೂ ಒಂದೇ ಅಂಗಡಿಯಲ್ಲಿ ಸಿಗುತ್ತಿದ್ದವು. ದೊಡ್ಡ ಕಂಪನಿ, ಹೆಸರಾಂತ ಕಂಪನಿ ಎಂದು ಜನ ನಂಬಿ ಕೊಂಡರು.

2019ರ ಮಾರ್ಚ್ 31ರಂದು ಐರಿಸ್ ಸೇವೆ ನಿಂತುಹೋಯಿತು. ಕಂಪನಿ ಎರಡು ತಿಂಗಳು ಮೊದಲೇ ಹೇಳಿತ್ತು. ಅರ್ಹ ಉಪಕರಣಗಳಿಗೆ ಹಣ ಮರಳಿಸುವ ಏರ್ಪಾಡನ್ನೂ ಮಾಡಿತು. ವ್ಯವಸ್ಥೆಯ ತಂತ್ರಾಂಶವನ್ನು ಬೇಕಾದವರು ಬಳಸಿಕೊಳ್ಳಲೆಂದು ಸಾರ್ವಜನಿಕವಾಗಿ ಬಿಟ್ಟುಕೊಟ್ಟಿತು. ಮುಚ್ಚುವವರೆಲ್ಲ ಇಷ್ಟು ಮಾಡುವುದಿಲ್ಲ. ಆದರೂ ಹಬ್ ಪೆಟ್ಟಿಗೆಯನ್ನು ನಡೆಸುತ್ತಿದ್ದ ಸೇವೆ ನಿಂತ ಮೇಲೆ ಅದನ್ನೇ ನಂಬಿದ್ದ ಮನೆಗಳು ಬೇರೆ ದಾರಿ ನೋಡಬೇಕಾಯಿತು. ಇಲ್ಲೊಂದು ಪಾಠವಿದೆ. ಐರಿಸ್ ಉಪಕರಣಗಳಲ್ಲಿ ‘ಜಿಗ್‌ಬೀ’ ಎಂಬ ಎಲ್ಲರಿಗೂ ತೆರೆದ ಭಾಷೆಯನ್ನು ನಿಯಮಕ್ಕೆ ತಕ್ಕಂತೆ ಆಡುತ್ತಿದ್ದ ಪ್ಲಗ್ಗುಗಳನ್ನು ಬೇರೆ ಕಂಪನಿಯ ಹಬ್ಬಿಗೆ ಸೇರಿಸಿ ಮುಂದೆಯೂ ಬಳಸಲು ಸಾಧ್ಯವಾಯಿತು. ಒಂದೇ ಕಂಪನಿಗೆ ಮಾತ್ರ ಗೊತ್ತಿದ್ದ ಭಾಷೆಯವು ಮೂಲೆಗೆ ಬಿದ್ದವು.

ಇಂಥದು ಬೇರೆಡೆಯೂ ನಡೆದಿದೆ. 2022ರ ಏಪ್ರಿಲಿನಲ್ಲಿ ‘ಇನ್‌ಸ್ಟಿಯಾನ್’ ಎಂಬ ಸಂಸ್ಥೆಯ ಕಂಪ್ಯೂಟರುಗಳು ಗ್ರಾಹಕರಿಗೆ ಒಂದು ಮಾತೂ ಹೇಳದೆ ನಿಂತುಹೋದವು. ಫೋನಿನ ಆಪ್‌ಗಳು ಸತ್ತವು. ಆದರೆ ಮನೆಯೊಳಗೆ ಸ್ವಿಚ್ಚಿಗೂ ದೀಪಕ್ಕೂ ನೇರವಾಗಿ ಜೋಡಿಸಿದ್ದ ಸಂಬಂಧ ಮಾತ್ರ ಉಳಿಯಿತು. ಅದೇ ಜೂನಿನಲ್ಲಿ ಬಳಕೆದಾರರ ಗುಂಪೊಂದೇ ಅದನ್ನು ಕೊಂಡು ಮತ್ತೆ ನಡೆಸತೊಡಗಿತು. 2025ರ ಜುಲೈನಲ್ಲಿ ಬೆಲ್ಕಿನ್ ಕಂಪನಿ, ತನ್ನ ವೀಮೋ ಉಪಕರಣಗಳಲ್ಲಿ ಹೆಚ್ಚಿನವುಗಳಿಗೆ ಆಪ್ ಮತ್ತು ಕ್ಲೌಡ್ ಸೇವೆಯನ್ನು 2026ರ ಜನವರಿ 31ಕ್ಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಕಂಪನಿ ದೊಡ್ಡದೋ ಚಿಕ್ಕದೋ ಎಂಬುದರಿಂದ ಮಾತ್ರ ಭರವಸೆ ಹುಟ್ಟುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕೊಳ್ಳುವ ಮುನ್ನ ಐದು ಪ್ರಶ್ನೆಗಳು

1. ಬೆಂಕಿಯಿಂದ ಸುರಕ್ಷಿತವೇ?

ಇದು ಮೊದಲ ಪ್ರಶ್ನೆ. ಇದಕ್ಕೆ ಉತ್ತರ ಸರಿಯಿಲ್ಲದಿದ್ದರೆ ಉಳಿದ ನಾಲ್ಕನ್ನು ಕೇಳುವುದೇ ಬೇಡ. ಪ್ಲಗ್ಗಿನ ಮೈಮೇಲೆ ‘ಯುಎಲ್’ ಅಥವಾ ‘ಇಟಿಎಲ್’ ಗುರುತು ಇದೆಯೇ ನೋಡಿ. ಇವು ಹೊರಗಿನ ಪರೀಕ್ಷಾ ಸಂಸ್ಥೆಗಳು ಕೊಡುವ ಗುರುತುಗಳು. ಯುಎಲ್ ಸಂಸ್ಥೆ 1894ರಿಂದ ಈ ಕೆಲಸ ಮಾಡುತ್ತಿದೆ. ‘ಸಿಇ’ ಎಂಬ ಗುರುತು ಮಾತ್ರ ಇದ್ದರೆ ಸಾಲದು. ಅದು ಯುರೋಪಿನ ನಿಯಮಕ್ಕೆ ತಕ್ಕಂತಿದೆ ಎಂದು ಸಾಮಾನ್ಯವಾಗಿ ತಯಾರಕರೇ ಹೇಳಿಕೊಳ್ಳುವ ಮಾತು.

ಮುಂದಿನದು ಆಂಪಿಯರ್ ಲೆಕ್ಕ. ಮಕ್ಕಳೇ, ಸೂತ್ರ ಸುಲಭ: ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. ಇಲ್ಲಿ ನಮ್ಮ ಸಾಕೆಟ್ಟಿನಲ್ಲಿ 120 ವೋಲ್ಟ್.

ಎಲ್‌ಇಡಿ ಮೇಜಿನ ದೀಪ: 9 ÷ 120 = 0.075 ಆಂಪಿಯರ್
ನಿಲ್ಲಿಸುವ ಫ್ಯಾನು: 60 ÷ 120 = 0.5 ಆಂಪಿಯರ್
ಇಸ್ತ್ರಿ ಪೆಟ್ಟಿಗೆ: 1,200 ÷ 120 = 10 ಆಂಪಿಯರ್
ರೂಮ್ ಹೀಟರ್: 1,500 ÷ 120 = 12.5 ಆಂಪಿಯರ್

ಅಂಗಡಿಯಲ್ಲಿ ಸಿಗುವ ಪ್ಲಗ್ಗುಗಳಲ್ಲಿ ಕೆಲವು 10 ಆಂಪಿಯರಿನವು, ಕೆಲವು 15 ಆಂಪಿಯರಿನವು. ಇಲ್ಲಿನ ವಿದ್ಯುತ್ ನಿಯಮದ ಲೆಕ್ಕದಂತೆ ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಎಡೆಬಿಡದೆ ನಡೆಯುವ ಹೊರೆಗೆ ಶೇಕಡ 80ರಷ್ಟನ್ನೇ ಮಿತಿಯೆಂದು ಹಿಡಿಯಬೇಕು. 15ರ ಶೇಕಡ 80 ಎಂದರೆ 12. ರೂಮ್ ಹೀಟರು ಈ ಮಿತಿಯನ್ನು ಮೀರುತ್ತದೆ. ಅಷ್ಟೇ ಅಲ್ಲ, ಮನೆಯಲ್ಲಿ ಯಾರೂ ಇಲ್ಲದಾಗ ಫೋನಿನಿಂದ ಹೀಟರ್ ಹಾಕಿದರೆ, ಅದರ ಮೇಲೆ ಬಟ್ಟೆ ಬಿದ್ದಿದ್ದರೂ ನೋಡುವವರಿಲ್ಲ. ಹೀಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೇ ಹಾಕಬೇಕೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವೂ ಹೇಳುತ್ತದೆ. ಆದ್ದರಿಂದ ರೂಮ್ ಹೀಟರ್, ಇಸ್ತ್ರಿ ಪೆಟ್ಟಿಗೆ, ಒಲೆ ಇವುಗಳಿಗೆ ಸ್ಮಾರ್ಟ್ ಪ್ಲಗ್ ಬೇಡವೇ ಬೇಡ. ಫ್ರಿಜ್ಜು ಮತ್ತು ಮನೆಯಲ್ಲಿ ಯಾರಾದರೂ ಬಳಸುವ ವೈದ್ಯಕೀಯ ಯಂತ್ರಗಳಿಗೂ ಬೇಡ. ಅವು ತಪ್ಪಿ ಆಫ್ ಆದರೆ ಆಗುವ ನಷ್ಟ ದೊಡ್ಡದು.

2. ಇಂಟರ್ನೆಟ್ ಹೋದರೆ ಏನಾಗುತ್ತದೆ?

ಪ್ಲಗ್ಗಿನ ಮೇಲೆ ಕೈಯಿಂದ ಒತ್ತುವ ಗುಂಡಿ ಇರಲೇಬೇಕು. ಜೊತೆಗೆ ಸಮಯಕ್ಕೆ ಸರಿಯಾಗಿ ಆನ್-ಆಫ್ ಆಗುವ ಪಟ್ಟಿ ಪ್ಲಗ್ಗಿನೊಳಗೇ ಅಥವಾ ಮನೆಯ ಹಬ್ಬಿನಲ್ಲೇ ಉಳಿಯುವಂತಿರಬೇಕು, ದೂರದ ಕಂಪ್ಯೂಟರಿನಲ್ಲಿ ಮಾತ್ರ ಅಲ್ಲ. ಇದನ್ನು ಪರೀಕ್ಷಿಸುವುದು ಸುಲಭ. ರೌಟರನ್ನು ಹಾಗೇ ಬಿಟ್ಟು, ಹೊರಗಿನಿಂದ ಇಂಟರ್ನೆಟ್ ತರುವ ಕೇಬಲನ್ನು ಮಾತ್ರ ಹತ್ತು ನಿಮಿಷ ಕಳಚಿ. ಫೋನನ್ನು ವೈ-ಫೈಗೇ ಜೋಡಿಸಿಟ್ಟು, ಅದರ ಮೊಬೈಲ್ ಡೇಟಾ ಆಫ್ ಮಾಡಿ. ಈಗ ಪ್ಲಗ್ಗು ಫೋನಿನ ಮಾತು ಕೇಳಿದರೆ ಆಜ್ಞೆ ಮನೆಯೊಳಗೇ ಓಡಾಡುತ್ತಿದೆ ಎಂದು ತಿಳಿಯಿರಿ. ಅಂಗಡಿಗೆ ಮರಳಿಸುವ ಅವಧಿ ಮುಗಿಯುವುದರೊಳಗೆ ಈ ಪರೀಕ್ಷೆ ಮಾಡಿಬಿಡುವುದು ಜಾಣತನ.

3. ಕರೆಂಟ್ ಹೋಗಿ ಬಂದರೆ?

ರಾಲಿಯಲ್ಲಿ ಕರೆಂಟ್ ಹೋಗುವುದಿಲ್ಲ ಎಂದು ಹೊಸದಾಗಿ ಬಂದವರು ಅಂದುಕೊಳ್ಳುತ್ತಾರೆ. 1996ರ ಸೆಪ್ಟೆಂಬರಿನ ಫ್ರಾನ್ ಚಂಡಮಾರುತವನ್ನೂ, 2002ರ ಡಿಸೆಂಬರಿನಲ್ಲಿ ಮರದ ಕೊಂಬೆಗಳ ಮೇಲೆ ಮಂಜುಗಡ್ಡೆ ಕಟ್ಟಿ ತಂತಿಗಳು ಹರಿದುಬಿದ್ದುದನ್ನೂ ಕಂಡ ಹಳಬರು ಹಾಗೆ ಹೇಳುವುದಿಲ್ಲ. ಆಗ ಎಷ್ಟೋ ಮನೆಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ಕರೆಂಟ್ ಮರಳಿದಾಗ ಪ್ಲಗ್ಗು ಏನು ಮಾಡಬೇಕು? ಕೆಲವು ಆನ್ ಆಗುತ್ತವೆ, ಕೆಲವು ಆಫ್ ಆಗಿಯೇ ಇರುತ್ತವೆ, ಕೆಲವು ಮೊದಲಿದ್ದ ಸ್ಥಿತಿಗೆ ಮರಳುತ್ತವೆ. ಇದನ್ನು ನಾವೇ ಆಯ್ದುಕೊಳ್ಳಲು ಬಿಡುವ ಪ್ಲಗ್ಗು ಒಳ್ಳೆಯದು. ರಾತ್ರಿ ದೀಪಕ್ಕಾದರೆ ಆನ್ ಆಗಲಿ. ಬಿಸಿಯಾಗುವ ಅಥವಾ ತಿರುಗುವ ಯಾವ ಉಪಕರಣಕ್ಕಾದರೂ ಆಫ್ ಆಗಿಯೇ ಇರಲಿ.

4. ಕಂಪನಿ ಬಾಗಿಲು ಹಾಕಿದರೆ?

ಐರಿಸ್ ಕಥೆಯನ್ನು ನೆನಪಿಸಿಕೊಳ್ಳಿ. ಒಂದೇ ಕಂಪನಿಯ ಗುಟ್ಟಿನ ಭಾಷೆಗಿಂತ ಎಲ್ಲರಿಗೂ ತೆರೆದ ಭಾಷೆಯ ಉಪಕರಣ ಲೇಸು. ಜಿಗ್‌ಬೀ ಮತ್ತು ಜೀ-ವೇವ್ ಎಂಬ ಎರಡು ಭಾಷೆಗಳಿಗೆ ಹಬ್ ಬೇಕು. ಗೋಡೆಗೆ ಸಿಕ್ಕಿಸಿದ ಪ್ರತಿ ಪ್ಲಗ್ಗೂ ಪಕ್ಕದ ಉಪಕರಣಕ್ಕೆ ಸಂದೇಶ ದಾಟಿಸುವುದರಿಂದ ದೊಡ್ಡ ಮನೆಗಳಲ್ಲಿ ಇವು ಚೆನ್ನಾಗಿ ನಡೆಯುತ್ತವೆ. 2022ರ ಅಕ್ಟೋಬರಿನಲ್ಲಿ ಹಲವು ಕಂಪನಿಗಳು ಕೂಡಿ ‘ಮ್ಯಾಟರ್’ ಎಂಬ ಸಾಮಾನ್ಯ ಭಾಷೆಯ ಮೊದಲ ಆವೃತ್ತಿಯನ್ನು ಹೊರತಂದವು. ಇದರಲ್ಲಿ ಆನ್-ಆಫ್ ಆಜ್ಞೆಗಳು ಮನೆಯ ಜಾಲದೊಳಗೇ ಓಡಾಡುತ್ತವೆ. ಆಪಲ್, ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್ ಇವುಗಳಲ್ಲಿ ಯಾವುದರ ವ್ಯವಸ್ಥೆಗಾದರೂ ಸೇರಿಸಬಹುದು. ಹೊಸದಾಗಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ಮ್ಯಾಟರ್ ಗುರುತನ್ನು ಹುಡುಕುವುದು ಒಳ್ಳೆಯದು. ಆದರೆ ಕಂಪನಿಯ ಕೆಲವು ವಿಶೇಷ ಸೌಲಭ್ಯಗಳು ಅದರ ಸ್ವಂತ ಆಪ್‌ನಲ್ಲಿ ಮಾತ್ರ ಇರಬಹುದೆಂಬುದು ನೆನಪಿರಲಿ. ಒಂದು ಕಿವಿಮಾತು: ಜೋಡಿಸಲು ಬೇಕಾದ ಸಂಕೇತ ಸಂಖ್ಯೆಯನ್ನು ಸಾಮಾನ್ಯವಾಗಿ ಪ್ಲಗ್ಗಿನ ಮೈಮೇಲೇ ಅಂಟಿಸಿರುತ್ತಾರೆ. ಗೋಡೆಗೆ ಹಾಕಿದ ಮೇಲೆ ಅದನ್ನು ಓದುವುದು ಕಷ್ಟವಾಗಬಹುದು. ಮೊದಲೇ ಒಂದು ಪುಸ್ತಕದಲ್ಲಿ ಬರೆದಿಡಿ.

5. ನಮ್ಮ ಮನೆಯ ಬಾಗಿಲು ಯಾರಿಗೆ ತೆರೆದಿದೆ?

2016ರ ಅಕ್ಟೋಬರ್ 21ರಂದು ಅಮೆರಿಕದ ಪೂರ್ವ ಕರಾವಳಿಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದಾದವು. ಕಾರಣ, ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ. ಅದು ಮನೆ ಅಂಗಡಿಗಳ ಕ್ಯಾಮರಾ, ವೀಡಿಯೋ ರೆಕಾರ್ಡರುಗಳಂಥ ಉಪಕರಣಗಳನ್ನು ಹಿಡಿದು ದಾಳಿಗೆ ಬಳಸಿತ್ತು. ಒಳಗೆ ನುಗ್ಗಲು ಅದಕ್ಕೆ ದೊಡ್ಡ ಜಾಣತನ ಬೇಕಾಗಲಿಲ್ಲ. ಕಾರ್ಖಾನೆಯಲ್ಲಿ ಇಟ್ಟಿದ್ದ ಪಾಸ್‌ವರ್ಡನ್ನು ಜನ ಬದಲಾಯಿಸಿರಲೇ ಇಲ್ಲ. ಆದ್ದರಿಂದ ಪಾಸ್‌ವರ್ಡ್ ಬದಲಾಯಿಸಿ; ತಂತ್ರಾಂಶದ ಹೊಸ ಆವೃತ್ತಿಗಳನ್ನು ಎಷ್ಟು ವರ್ಷ ಕೊಡುತ್ತೇವೆಂದು ಕಂಪನಿ ಹೇಳಿದೆಯೇ ನೋಡಿ; ಸಾಧ್ಯವಾದರೆ ಇಂಥ ಉಪಕರಣಗಳನ್ನು ರೌಟರಿನ ಅತಿಥಿ ಜಾಲದಲ್ಲಿ ಬೇರೆಯಾಗಿಡಿ. ಹಾಗೆ ಇಟ್ಟ ಮೇಲೆ ಎರಡನೆಯ ಪ್ರಶ್ನೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಏಕೆಂದರೆ ಕೆಲವು ರೌಟರುಗಳು ಅತಿಥಿ ಜಾಲದ ಉಪಕರಣಕ್ಕೂ ನಮ್ಮ ಫೋನಿಗೂ ಮಾತಾಡಲು ಬಿಡುವುದಿಲ್ಲ.

ಊರಿಗೆ ಒಯ್ಯಬಹುದೇ?

ಊರಿಗೆ ಹೋಗುವಾಗ ಅಪ್ಪ ಅಮ್ಮನಿಗೆಂದು ಇಲ್ಲಿಂದ ಪ್ಲಗ್ಗು ಒಯ್ಯುವ ಆಸೆ ಅನೇಕರಿಗಿದೆ. ದಯವಿಟ್ಟು ಬೇಡ. ಇಲ್ಲಿನದು 120 ವೋಲ್ಟ್, ಅಲ್ಲಿನದು 230 ವೋಲ್ಟ್. ಪಿನ್ ಬದಲಾಯಿಸುವ ಅಡಾಪ್ಟರ್ ವೋಲ್ಟೇಜನ್ನು ಬದಲಾಯಿಸುವುದಿಲ್ಲ. 120ಕ್ಕೆ ಮಾತ್ರ ತಯಾರಾದ ಪ್ಲಗ್ಗು ಸುಟ್ಟುಹೋಗಬಹುದು. ಜೀ-ವೇವ್ ಉಪಕರಣಗಳಂತೂ ರೇಡಿಯೋದಲ್ಲೇ ಬೇರೆ: ಅಮೆರಿಕದಲ್ಲಿ 908 ಮೆಗಾಹರ್ಟ್ಸ್ ಆಸುಪಾಸು, ಭಾರತದಲ್ಲಿ 865ರ ಆಸುಪಾಸು. ಬೇಕಾದುದನ್ನು ಬೆಂಗಳೂರು, ಮೈಸೂರುಗಳಲ್ಲೇ ಐಎಸ್‌ಐ ಗುರುತು ನೋಡಿ ಕೊಳ್ಳಿ.

ಅಲ್ಲಿ ಹೆಚ್ಚಿನವರು ಕೇಳುವುದು ಗೀಸರಿಗೆ. 2,000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 3,000 ವ್ಯಾಟಿನದು ಸುಮಾರು 13. ಹೀಗಾಗಿ 6 ಆಂಪಿಯರಿನ ಚಿಕ್ಕ ಪ್ಲಗ್ಗು ಎರಡಕ್ಕೂ ಅಪಾಯ; 16 ಆಂಪಿಯರಿನದೇ ಬೇಕು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬರುವ ಕಡೆ ಮೂರನೆಯ ಪ್ರಶ್ನೆ ಮತ್ತೂ ಮುಖ್ಯ. ಕರೆಂಟ್ ಬಂದೊಡನೆ ಗೀಸರು ತಾನೇ ಆನ್ ಆಗಿ, ಮನೆಯವರು ಮದುವೆಗೆ ಹೋಗಿದ್ದರೆ ಏನು ಗತಿ?

ಕರೆಂಟ್ ಬಿಲ್ಲು ಉಳಿಯುತ್ತದೆಯೇ?

ಪ್ಲಗ್ಗು ತಾನೂ ವಿದ್ಯುತ್ ಉಣ್ಣುತ್ತದೆ, ಏಕೆಂದರೆ ಅದರ ರೇಡಿಯೋ ಹಗಲೂ ರಾತ್ರಿಯೂ ಕಿವಿ ತೆರೆದಿರಬೇಕು. ಒಂದು ಪ್ಲಗ್ಗಿಗೆ 1 ವ್ಯಾಟ್ ಎಂದು ಹಿಡಿಯೋಣ. 1 × 24 × 365 = 8,760 ವ್ಯಾಟ್ ಗಂಟೆ, ಅಂದರೆ ವರ್ಷಕ್ಕೆ 8.76 ಯೂನಿಟ್. ಅರ್ಧ ವ್ಯಾಟೂ ಉಣ್ಣದೆ ಸುಮ್ಮನಿರುವ ಫೋನ್ ಚಾರ್ಜರಿಗೆ ಇಂಥ ಪ್ಲಗ್ ಹಾಕಿದರೆ ಉಳಿತಾಯವಲ್ಲ, ನಷ್ಟ. ಆಫ್ ಮಾಡಿದಂತೆ ಕಂಡರೂ 10, 15 ವ್ಯಾಟ್ ಎಳೆಯುತ್ತಲೇ ಇರುವ ಹಳೆಯ ಟಿವಿ ಪೆಟ್ಟಿಗೆ, ಸಂಗೀತ ವ್ಯವಸ್ಥೆಗಳಿಗೆ ಹಾಕಿದರೆ ಲಾಭ. ವಿದ್ಯುತ್ ಅಳೆಯುವ ಪ್ಲಗ್ಗು ಒಂದಿದ್ದರೆ ಮನೆಯ ಉಪಕರಣಗಳನ್ನು ಒಂದೊಂದಾಗಿ ಅಳೆದು ನೋಡಬಹುದು. ಆದರೆ ಅದಕ್ಕೆ ಹಾಕುವ ಮೊದಲು ಆಂಪಿಯರ್ ಮಿತಿ ನೋಡುವುದನ್ನು ಮರೆಯಬಾರದು.

ನಾವು ಮಾಡಿದ್ದು

ನಮ್ಮ ಮನೆಯಲ್ಲಿ ಈಗ ಅಮ್ಮನ ಕೋಣೆ, ಮೆಟ್ಟಿಲು, ಪಡಸಾಲೆ ಈ ಮೂರು ಕಡೆ ಸಾಮಾನ್ಯ ಎಲ್‌ಇಡಿ ಬಲ್ಬುಗಳೇ ಇವೆ. ಬಲ್ಬಿನ ಬದಲು ಗೋಡೆಯ ಸ್ವಿಚ್ಚನ್ನೇ ಸ್ಮಾರ್ಟ್ ಮಾಡಿಸಿದೆವು. ಕೈಯಿಂದ ಒತ್ತಿದರೂ ಹತ್ತುತ್ತದೆ, ಫೋನಿನಿಂದಲೂ ಹತ್ತುತ್ತದೆ. ಒಂದರಿಂದ ಇನ್ನೊಂದು ಕೆಡುವುದಿಲ್ಲ. ಇಂಥ ಸ್ವಿಚ್ಚುಗಳಲ್ಲಿ ಹೆಚ್ಚಿನವಕ್ಕೆ ನ್ಯೂಟ್ರಲ್ ತಂತಿ ಬೇಕು; ಹಳೆಯ ಮನೆಗಳ ಸ್ವಿಚ್ ಪೆಟ್ಟಿಗೆಯಲ್ಲಿ ಅದು ಇಲ್ಲದಿರಬಹುದು. ಆದ್ದರಿಂದ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಕೆಲಸ ಮಾಡಿಸಿದೆವು. ಬಾಡಿಗೆ ಮನೆಯವರಿಗೆ ಇದು ಸಾಧ್ಯವಿಲ್ಲದಿದ್ದರೆ, ಗುಂಡಿಯಿರುವ ಒಂದು ಪ್ಲಗ್ಗು ಮತ್ತು ಹಾಸಿಗೆ ಪಕ್ಕದ ಒಂದು ದೀಪ ಸಾಕು. ನಾವು ಕೊಂಡಿದ್ದ ಆರು ಪ್ಲಗ್ಗುಗಳಲ್ಲಿ ಮೂರು ಕೇಬಲ್ ಕಳಚಿದ ಪರೀಕ್ಷೆಯಲ್ಲಿ ಸೋತವು. ಅವುಗಳನ್ನು ತೆಗೆದುಬಿಟ್ಟೆವು.

ಇದನ್ನೆಲ್ಲ ಮಾಡಿ ಮುಗಿಸುವ ಹೊತ್ತಿಗೆ ಅಮ್ಮ ಊರಿಗೆ ಮರಳಿದ್ದರು. ಭಾನುವಾರದ ವೀಡಿಯೋ ಕರೆಯಲ್ಲಿ ಮಗಳು ಫೋನ್ ಹಿಡಿದು ಗೋಡೆಯ ಬಳಿ ಹೋಗಿ, ಹೊಸ ಸ್ವಿಚ್ಚನ್ನು ಒತ್ತಿ ತೋರಿಸಿದಳು. “ನೋಡಿ ಅಜ್ಜಿ, ಈಗ ಯಾರನ್ನೂ ಕೇಳೋದು ಬೇಡ.” ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, “ಟೇಪು ಕಿತ್ತ ಕಡೆ ಬಣ್ಣ ಹೋಗಿದೆಯಲ್ಲೇ, ಅಪ್ಪನಿಗೆ ಹೇಳಿ ಹಚ್ಚಿಸು” ಎಂದರು. ಬಣ್ಣ ಹಚ್ಚುವುದು ಇನ್ನೂ ಬಾಕಿ ಇದೆ. ಮುಂದಿನ ಬೇಸಿಗೆಗೆ ಅವರು ಬರುವುದರೊಳಗೆ ಮುಗಿಸಬೇಕು.

ಅಭ್ಯಾಸ (ಮಕ್ಕಳಿಗೆ, ದೊಡ್ಡವರ ಜೊತೆ ಕುಳಿತು)

1. ನಿಮ್ಮ ಮನೆಯ ಐದು ಉಪಕರಣಗಳ ಹಿಂದಿನ ಪಟ್ಟಿಯಲ್ಲಿ ಬರೆದಿರುವ ವ್ಯಾಟ್ ಓದಿ, ಪ್ರತಿಯೊಂದರ ಆಂಪಿಯರ್ ಲೆಕ್ಕ ಹಾಕಿ. ಯಾವುದಕ್ಕೆ ಸ್ಮಾರ್ಟ್ ಪ್ಲಗ್ ಬೇಡ? ಏಕೆ?

2. ಒಂದು ಪ್ಲಗ್ಗು 1 ವ್ಯಾಟ್ ಉಣ್ಣುವುದಾದರೆ, ಹತ್ತು ಪ್ಲಗ್ಗುಗಳು ವರ್ಷಕ್ಕೆ ಎಷ್ಟು ಯೂನಿಟ್ ಉಣ್ಣುತ್ತವೆ? ನಿಮ್ಮ ಮನೆಯ ಬಿಲ್ಲಿನಲ್ಲಿ ಯೂನಿಟ್ಟಿನ ದರ ನೋಡಿ ಹಣದ ಲೆಕ್ಕ ಹಾಕಿ.

3. ಫೋನಿನಿಂದ ಹೊರಟ ಆಜ್ಞೆ ಪ್ಲಗ್ಗನ್ನು ಮುಟ್ಟುವ ಎರಡು ದಾರಿಗಳ ಚಿತ್ರ ಬರೆಯಿರಿ: ಒಂದು ಮನೆಯೊಳಗಿನದು, ಇನ್ನೊಂದು ಊರು ಸುತ್ತಿ ಬರುವುದು.

4. ನಿಮ್ಮ ಅಜ್ಜಿಗೋ ತಾತನಿಗೋ ಫೋನ್ ಮಾಡಿ, ಅವರ ಚಿಕ್ಕಂದಿನಲ್ಲಿ ಮನೆಗೆ ಕರೆಂಟ್ ಯಾವಾಗ ಬಂತು, ಮೊದಲ ದೀಪ ಯಾವ ಕೋಣೆಯಲ್ಲಿ ಹತ್ತಿತು ಎಂದು ಕೇಳಿ, ಹತ್ತು ಸಾಲು ಬರೆಯಿರಿ.

ಎಚ್ಚರಿಕೆ: ಯಾವ ಪ್ಲಗ್ಗನ್ನೂ ಬಿಚ್ಚಿ ನೋಡಬೇಡಿ. ಒಳಗಿರುವುದು ಗೋಡೆಯ ಕರೆಂಟೇ.